ತಮ್ಮನ ಭಯದಲ್ಲಿ ನಮ್ಮ ಮನೆಯ ಪಾಲು

ಕೊಲ್ಲಿ ದೇಶಗಳಿಗೆ ದುಡಿಯಲು ಹೋಗಿ, ವೀಸಾ ಅವಧಿ ಮುಗಿದ ಮೇಲೂ ಅಲ್ಲೇ ಉಳಿದುಹೋದವರ ವಿಚಾರ ನಮ್ಮ ಕಡೆ ಬಂದಾಗ, ಏಜೆಂಟ್ ಮೋಸ ಮಾಡಿದ ಎಂಬಲ್ಲಿಗೋ ಹುಡುಗನಿಗೆ ತಿಳಿವಳಿಕೆ ಸಾಲಲಿಲ್ಲ ಎಂಬಲ್ಲಿಗೋ ಮಾತು ನಿಂತುಬಿಡುತ್ತದೆ. ಎರಡರಲ್ಲೂ ನಿಜವಿದೆ. ಆದರೆ ಆ ದೇಶದ ಸರ್ಕಾರವೇ ದಂಡ ಮನ್ನಾ ಮಾಡುತ್ತೇವೆ, ಬಂದು ನಿಮ್ಮ ಕಾಗದಪತ್ರ ಸರಿಪಡಿಸಿಕೊಳ್ಳಿ ಎಂದು ಕರೆದಾಗಲೂ ಎಷ್ಟೋ ಮಂದಿ ಕೊನೆಯ ವಾರದವರೆಗೆ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲವೇಕೆ ಎಂಬ ಪ್ರಶ್ನೆಗೆ ಈ ಎರಡು ಮಾತುಗಳಲ್ಲಿ ಉತ್ತರ ಸಿಗುವುದಿಲ್ಲ. ನನ್ನ ತಮ್ಮ ಹಾಗೆ ಕೋಣೆಯಲ್ಲಿ ಕುಳಿತವನು. ಅವನನ್ನು ಕಟ್ಟಿ ಕೂರಿಸಿದ್ದ ಭಯ ಎಲ್ಲೆಲ್ಲಿಂದ ಬಂದು ಸೇರಿತ್ತು, ಅದನ್ನು ಹೇಗೆ ಬಿಡಿಸಿಕೊಂಡ ಎಂಬುದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವನ ಹೆಸರಾಗಲಿ, ದುಡಿದ ಜಾಗಗಳ ಹೆಸರಾಗಲಿ ಬೇಡವೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.

ನಮ್ಮದು ಬಾಗಲಕೋಟೆ ಜಿಲ್ಲೆಯ ಇಳಕಲ್ಲು. ಹೊರಗಿನವರು ನಮ್ಮೂರನ್ನು ಸೀರೆಯಿಂದ ಗುರುತಿಸುತ್ತಾರೆ. ನಮ್ಮ ಮನೆ ಸೀರೆಯಿಂದಲೂ ಬದುಕಿದೆ, ಕಲ್ಲಿನಿಂದಲೂ ಬದುಕಿದೆ. ಅವ್ವ ನೇಕಾರರ ಮನೆಗಳಿಗೆ ಕಂಡಿಕೆ ಸುತ್ತಿಕೊಡುತ್ತಾಳೆ. ಅಪ್ಪ ಮೈಯಲ್ಲಿ ಕಸುವಿರುವವರೆಗೆ ಗ್ರಾನೈಟ್ ಕ್ವಾರಿಯಲ್ಲಿ ದುಡಿದವರು. ನಾನು ಓದು ಮುಂದುವರಿಸಿ ಈಗ ಬಾಗಲಕೋಟೆಯ ನವನಗರದಲ್ಲಿ ಪ್ರೌಢಶಾಲಾ ಶಿಕ್ಷಕಿಯಾಗಿದ್ದೇನೆ. ತಮ್ಮ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು ಪಾಲಿಶ್ ಫ್ಯಾಕ್ಟರಿ ಸೇರಿದ. ಕಲ್ಲಿನಲ್ಲಿ ಮುಖ ಕಾಣುವಂತೆ ತಿಕ್ಕುವ ಕೈಗುಣ ಅವನದು. 2022ರ ಕೊನೆಯಲ್ಲಿ, ಪರಿಚಯದವರ ಮೂಲಕ ಬಂದ ಏಜೆಂಟನೊಬ್ಬ, ಯುಎಇಯ ಅಜ್ಮಾನಿನಲ್ಲಿ ಮಾರ್ಬಲ್ ಕೆಲಸಕ್ಕೆ ಆಳು ಬೇಕಾಗಿದ್ದಾರೆಂದೂ, ಸದ್ಯಕ್ಕೆ ವಿಜಿಟ್ ವೀಸಾದಲ್ಲಿ ಹೋದರೆ ಅಲ್ಲಿ ಕಂಪನಿಯೇ ಅದನ್ನು ಕೆಲಸದ ವೀಸಾಕ್ಕೆ ಬದಲಿಸಿಕೊಡುತ್ತದೆಂದೂ ಹೇಳಿ ಒಂದೂವರೆ ಲಕ್ಷ ರೂಪಾಯಿ ತೆಗೆದುಕೊಂಡ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಭಾಗದಿಂದ ಹೋಗುವ ಹುಡುಗರು ಎಡವುವುದು ಇದೇ ಜಾಗದಲ್ಲಿ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕಾದ ವರ್ಗಕ್ಕೆ ಸೇರುತ್ತದೆ. ಅಂಥವರು ಯುಎಇ, ಸೌದಿ, ಕುವೈತ್ ಮುಂತಾದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯಂತೆ ನಮ್ಮ ಸರ್ಕಾರದ ಅನುಮತಿ ಪಡೆಯಲೇಬೇಕು. ಆ ಅನುಮತಿ ಕೊಡುವ ಮೊದಲು ಕೆಲಸದ ಕರಾರು, ಸಂಬಳ, ಮಾಲೀಕನ ವಿವರಗಳನ್ನು ಇ-ಮೈಗ್ರೇಟ್ ಎಂಬ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಲ್ಲಿ ದಾಖಲಿಸಲಾಗುತ್ತದೆ. ಪ್ರವಾಸಿ ಭಾರತೀಯ ಬೀಮಾ ಯೋಜನೆಯಡಿ 10 ಲಕ್ಷ ರೂಪಾಯಿಯ ವಿಮೆಯೂ ಆಗುತ್ತದೆ. ಅಂದರೆ ಹೆಚ್ಚು ಓದದವನ ಬೆನ್ನಿಗೆ ಸರ್ಕಾರ ನಿಲ್ಲಲಿ ಎಂದೇ ಮಾಡಿದ ಏರ್ಪಾಡು ಅದು. ವಿಜಿಟ್ ವೀಸಾದಲ್ಲಿ ಹೊರಟವನು ಲೆಕ್ಕಕ್ಕೆ ಪ್ರವಾಸಿಗನಾದ್ದರಿಂದ ಇದಾವುದೂ ಅವನಿಗೆ ಅನ್ವಯಿಸುವುದಿಲ್ಲ. ಏಜೆಂಟರು ಈ ದಾರಿಯನ್ನೇ ಹಿಡಿಸುವುದು ಅದಕ್ಕಾಗಿ. ನನ್ನ ತಮ್ಮ ಬೆಂಗಳೂರಿನಿಂದ ವಿಮಾನ ಹತ್ತಿದಾಗ ಅವನು ಕಲ್ಲಿನ ಕೆಲಸಕ್ಕೆ ಹೊರಟಿದ್ದಾನೆಂಬುದು ಯಾವ ಸರ್ಕಾರಿ ದಾಖಲೆಯಲ್ಲಿಯೂ ಇರಲಿಲ್ಲ.

ಅಲ್ಲಿ ಹೋದ ಮೇಲೆ ನಡೆದದ್ದನ್ನು ಉದ್ದ ಮಾಡುವುದಿಲ್ಲ. ಇಂಥ ಕತೆಗಳು ಒಂದೇ ಬಗೆಯಲ್ಲಿರುತ್ತವೆ. ವೀಸಾ ಬದಲಿಸುತ್ತೇವೆ ಎಂದು ಫೋರ್‌ಮನ್ ಪಾಸ್‌ಪೋರ್ಟು ಇಸಿದುಕೊಂಡ. ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಎನ್ನುತ್ತಾ ವೀಸಾ ಅವಧಿ ಮುಗಿದುಹೋಯಿತು. ಮುಗಿದ ಮೇಲೆ ಸಂಬಳ ಅರ್ಧಕ್ಕೆ ಇಳಿಯಿತು. ಆ ದೇಶದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವಿದೆ. ವೀಸಾ ಇಲ್ಲದವನು ಯಾರ ಬಳಿ ಹೋಗಿ ಆ ನಿಯಮ ಕೇಳಬೇಕು? ಫೋರ್‌ಮನ್ನನ ಬಾಯಲ್ಲಿ ಒಂದೇ ಮಾತು: ಹೊರಗೆ ಹೋದರೆ ಪೊಲೀಸರು ಹಿಡಿಯುತ್ತಾರೆ, ಇಲ್ಲಿದ್ದರೆ ನಾನಿದ್ದೇನೆ. ವೀಸಾ ಇಲ್ಲದವರನ್ನು ದುಡಿಸಿಕೊಳ್ಳುವ ಮಾಲೀಕರಿಗೆ ಅಲ್ಲಿನ ಕಾನೂನು ಭಾರೀ ದಂಡ ಹಾಕುತ್ತದೆ. 2024ರ ಆಗಸ್ಟಿನಲ್ಲಿ ಆದ ತಿದ್ದುಪಡಿಯಂತೆ ಅದು 1 ಲಕ್ಷದಿಂದ 10 ಲಕ್ಷ ದಿರ್ಹಮ್‌ಗಳವರೆಗೆ ಇದೆ. ಪೊಲೀಸರಿಗೆ ಅಂಜಬೇಕಾದವರಲ್ಲಿ ಮಾಲೀಕನೇ ಮೊದಲಿಗ ಎಂಬುದು ತಮ್ಮನಿಗೆ ಗೊತ್ತಾಗದಂತೆ ನೋಡಿಕೊಳ್ಳುವುದರಲ್ಲಿ ಫೋರ್‌ಮನ್ನನ ಹೊಟ್ಟೆಪಾಡಿತ್ತು.

ದಂಡದ ಲೆಕ್ಕ ಬೇರೆ. ವೀಸಾ ಮುಗಿದ ಮೇಲೆ ಉಳಿದ ಪ್ರತಿ ದಿನಕ್ಕೆ 50 ದಿರ್ಹಮ್. ಒಂದು ವರ್ಷಕ್ಕೆ 18,250 ದಿರ್ಹಮ್ ಆಗುತ್ತದೆ. ನಮ್ಮ ಹಣದಲ್ಲಿ ನಾಲ್ಕು ಲಕ್ಷ ರೂಪಾಯಿ ದಾಟುತ್ತದೆ. ಅರ್ಧ ಸಂಬಳದಲ್ಲಿ ದುಡಿಯುವವನು ಇದನ್ನು ಎಂದಿಗಾದರೂ ತೀರಿಸಿಯಾನೇ? ತೀರದ ಸಾಲಕ್ಕೆ ಮನುಷ್ಯ ಲೆಕ್ಕ ಇಡುವುದನ್ನೇ ಬಿಟ್ಟುಬಿಡುತ್ತಾನೆ. ತಮ್ಮನೂ ಬಿಟ್ಟಿದ್ದ.

2024ರ ಆಗಸ್ಟಿನಲ್ಲಿ ಯುಎಇ ಸರ್ಕಾರ ಆಮ್ನೆಸ್ಟಿ ಘೋಷಿಸಿತು. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 31ರವರೆಗೆ, ಎರಡು ತಿಂಗಳು. ವೀಸಾ ಮುಗಿದು ಉಳಿದವರು ಈ ಅವಧಿಯಲ್ಲಿ ಬಂದರೆ ದಂಡ ಪೂರ್ತಿ ಮನ್ನಾ. ಊರಿಗೆ ಹೋಗಬಯಸುವವರು ಹೋಗಬಹುದು, ಮತ್ತೆ ಬರಲು ಬ್ಯಾನ್ ಇರುವುದಿಲ್ಲ. ಅಲ್ಲೇ ಉಳಿಯಬಯಸುವವರು ಕೆಲಸ ಕೊಡುವ ಮಾಲೀಕನನ್ನು ಹುಡುಕಿಕೊಂಡು ಕಾಯ್ದೆಬದ್ಧ ವೀಸಾ ಮಾಡಿಸಿಕೊಳ್ಳಬಹುದು. 2018ರಲ್ಲಿಯೂ ಇಂಥದ್ದೇ ಅವಕಾಶ ಕೊಟ್ಟಿದ್ದರು. ನಾನು ಇದನ್ನು ಪತ್ರಿಕೆಯಲ್ಲಿ ಓದಿ ಕೂಡಲೇ ಫೋನ್ ಮಾಡಿದೆ. ಅವನಿಗೆ ಆಗಲೇ ಗೊತ್ತಿತ್ತು, ಅವನ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ಹೋಗಿರಲಿಲ್ಲ.

"ಅಕ್ಕಾ, ಅದು ಹಿಡಿಯಾಕ ಹಾಕಿದ ಬಲೆ ಅಂತ. ಹೋದವರನ್ನ ಅಲ್ಲೇ ವ್ಯಾನಿಗೆ ಹಾಕ್ತಾರಂತ" ಎಂದ. ಯಾರು ಹೇಳಿದರು ಎಂದು ಕೇಳಿದರೆ, ಎಲ್ಲರೂ ಹೇಳುತ್ತಾರೆ ಎಂಬ ಉತ್ತರ ಬಂತು.

ಆ ವರ್ಷ ಭಯಪಡಲು ಕಾರಣಗಳೇನೂ ಕಡಿಮೆ ಇರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 45 ಮಂದಿ ಭಾರತೀಯರು ತೀರಿಕೊಂಡಿದ್ದರು. ಅವರಲ್ಲಿ ಒಬ್ಬರು ನಮ್ಮ ರಾಜ್ಯದ್ದೇ ಆದ ಕಲಬುರ್ಗಿ ಜಿಲ್ಲೆಯವರು. ಆ ಸುದ್ದಿ ಬಂದ ದಿನದಿಂದ ಅವ್ವ ಟಿವಿ ಹಚ್ಚುವುದನ್ನೇ ಬಿಟ್ಟಿದ್ದಳು. ಕುವೈತಿನಲ್ಲಿಯೂ ಆ ವರ್ಷ ಮಾರ್ಚ್ 17ರಿಂದ ಆಮ್ನೆಸ್ಟಿ ಇದ್ದು, ಅದು ಜೂನ್ 30ಕ್ಕೆ ಮುಗಿದಿತ್ತು. ಮುಗಿದ ಮೇಲೆ ಅಲ್ಲಿ ತಪಾಸಣೆ, ಬಂಧನ ಜೋರಾದವು. ಆ ಬಂಧನದ ಬಗ್ಗೆ ಯಾರೋ ಕುವೈತಿನಿಂದ ಕಳಿಸಿದ ವಾಟ್ಸ್ಯಾಪ್ ಧ್ವನಿ ಸಂದೇಶ ಸುತ್ತಿ ಸುತ್ತಿ ಅಜ್ಮಾನಿನ ಕೋಣೆಗೂ ಬಂದಿತ್ತು, ನಮ್ಮ ಓಣಿಗೂ ಬಂದಿತ್ತು. ತಮ್ಮ ಅದನ್ನು ನನಗೆ ಕಳಿಸಿದ. ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿದೆ. ಮಾತಾಡುತ್ತಿದ್ದವನು ತನ್ನ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದ, ದನಿಯಲ್ಲಿ ನಡುಕವಿತ್ತು. ಆದರೆ ಅವನು ಹೇಳುತ್ತಿದ್ದ ಊರು ಫರ್ವಾನಿಯ. ಅದು ಕುವೈತಿನಲ್ಲಿದೆ. ಗಡುವು ಮುಗಿದ ಮೇಲೆ ಒಂದು ದೇಶದಲ್ಲಿ ನಡೆದದ್ದನ್ನು, ಗಡುವು ಇನ್ನೂ ತೆರೆದಿರುವ ಮತ್ತೊಂದು ದೇಶದ ಸುದ್ದಿಯೆಂದು ಎಲ್ಲರೂ ನಂಬಿದ್ದರು.

ಅದನ್ನು ತಮ್ಮನಿಗೆ ತಿಳಿಸಿ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಹೌದು, ಆದ್ರೂ ಅಂಜಿಕಿ ಹೋಗವಲ್ತು" ಎಂದ. ಅಂಜಬೇಡ ಎಂದು ಹೇಳುವುದರಿಂದ ಏನೂ ಆಗುವುದಿಲ್ಲ ಎಂಬುದು ನನಗೆ ಆಗ ಸ್ಪಷ್ಟವಾಯಿತು. ದೂರದಲ್ಲಿ ಕುಳಿತು, ನನಗೇನೂ ಆಗದ ಜಾಗದಿಂದ ಧೈರ್ಯ ಹೇಳುವ ಹಕ್ಕು ನನಗಿದೆಯೆಂದೂ ಅನಿಸಲಿಲ್ಲ. ಬದಲಿಗೆ, ನಿನಗೆ ಏನೇನು ಆಗಬಹುದೆಂದು ಅನಿಸುತ್ತದೆಯೋ ಅದನ್ನೆಲ್ಲ ಒಂದೊಂದಾಗಿ ಹೇಳು, ಬರೆದುಕೊಳ್ಳುತ್ತೇನೆ ಎಂದೆ. ಶಾಲೆಯ ಹಾಜರಿಗೆಂದು ಇಟ್ಟುಕೊಂಡಿದ್ದ ಉದ್ದನೆಯ ನೋಟ್‌ಬುಕ್ಕಿನಲ್ಲಿ ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. ಹೋದ ಕೂಡಲೇ ಬಂಧಿಸುತ್ತಾರೆ. ಬೆರಳಚ್ಚು ತೆಗೆದುಕೊಂಡರೆ ಜೀವಮಾನವಿಡೀ ಬ್ಯಾನ್. ದಂಡ ಮನ್ನಾ ಎಂದು ಹೇಳಿ ಏರ್‌ಪೋರ್ಟಿನಲ್ಲಿ ಕಟ್ಟಿಸಿಕೊಳ್ಳುತ್ತಾರೆ. ಪಾಸ್‌ಪೋರ್ಟು ಕೈಯಲ್ಲಿ ಇಲ್ಲದವನನ್ನು ಒಳಗೇ ಬಿಡುವುದಿಲ್ಲ. ಫೋರ್‌ಮನ್ ಕಳ್ಳತನದ ಕೇಸು ಹಾಕಿಸುತ್ತಾನೆ.

ಪ್ರತಿಯೊಂದಕ್ಕೂ ಉತ್ತರ ಹುಡುಕುವುದು ನನ್ನ ಕೆಲಸವಾಯಿತು. ದುಬೈನಲ್ಲಿರುವ ಭಾರತದ ಕಾನ್ಸುಲೇಟ್ ಆ ಹೊತ್ತಿಗೆ ಲಿಖಿತ ಸೂಚನೆ ಹೊರಡಿಸಿತ್ತು. ಊರಿಗೆ ಮರಳುವವರಿಗೆ ಎಮರ್ಜೆನ್ಸಿ ಸರ್ಟಿಫಿಕೇಟನ್ನು (ಪಾಸ್‌ಪೋರ್ಟ್ ಇಲ್ಲದವರು ಊರಿಗೆ ಮರಳಲು ಬಳಸುವ ಪತ್ರ) ಉಚಿತವಾಗಿ ಕೊಡುವುದಾಗಿಯೂ, ಉಳಿಯಬಯಸುವವರು ಅಲ್ಪಾವಧಿಯ ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದೆಂದೂ ಅದರಲ್ಲಿತ್ತು. ಪಾಸ್‌ಪೋರ್ಟು ಕೈಯಲ್ಲಿ ಇಲ್ಲದಿರುವುದು ಒಳಗೆ ಹೋಗಲು ಅಡ್ಡಿಯಲ್ಲ ಎಂಬುದು ಹೀಗೆ ಗೊತ್ತಾಯಿತು. ಬೆರಳಚ್ಚಿನ ವಿಷಯಕ್ಕೆ ಬಂದರೆ, ಸಿಕ್ಕಿಬಿದ್ದು ಗಡೀಪಾರಾದವರಿಗೆ ಬ್ಯಾನ್ ಆಗುವುದು ನಿಜ. ತಮ್ಮನ ಕೋಣೆಯವರು ಕಂಡಿದ್ದು ಅಂಥವರನ್ನೇ. ಆಮ್ನೆಸ್ಟಿಯಡಿ ತಾವಾಗಿ ಬಂದವರ ಬೆರಳಚ್ಚು ತೆಗೆಯುವುದು ಗುರುತಿಗಾಗಿ. ವಿಜಿಟ್ ವೀಸಾದಲ್ಲಿ ಬಂದವರ ಬಳಿ ಅಲ್ಲಿನ ನಿವಾಸಿಗಳಿಗೆ ಕೊಡುವ ಗುರುತಿನ ಚೀಟಿಯಾದ ಎಮಿರೇಟ್ಸ್ ಐಡಿ ಇರುವುದಿಲ್ಲವಾದ್ದರಿಂದ ಅವರು ದುಬೈ ಹೊರವಲಯದ ಅಲ್ ಅವೀರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಡಬೇಕಿತ್ತು. ತಮ್ಮ ದುಡಿಯುತ್ತಿದ್ದದ್ದು ಅಜ್ಮಾನಿನಲ್ಲಾದರೂ ಅವನ ವೀಸಾ ದುಬೈನಿಂದ ಆದದ್ದು, ಹಾಗಾಗಿ ಅವನ ಪ್ರಕರಣ ದುಬೈಗೇ ಸೇರಿದ್ದು. ಇಷ್ಟು ಸಣ್ಣ ವಿಷಯ ತಿಳಿಯದೆ ಬೇರೆ ಕಡೆ ಸಾಲಿನಲ್ಲಿ ನಿಂತು ಹಿಂದಿರುಗಿದವರು, ನಮ್ಮನ್ನು ವಾಪಸ್ ಕಳಿಸಿದರು, ಎಲ್ಲ ಸುಳ್ಳು ಎಂದು ಹೇಳುತ್ತಿದ್ದರು. ಭಯ ಹಬ್ಬುವ ಬಗೆ ಹೀಗೂ ಇರುತ್ತದೆ.

ಎಲ್ಲ ಭಯವೂ ಪೊಳ್ಳಲ್ಲ. ಕಳ್ಳತನದ ಕೇಸಿನ ಮಾತು ನನ್ನನ್ನೂ ಕಾಡಿತು. ಅಂಥ ದೂರು ಇದ್ದರೆ, ಇಲ್ಲವೇ ಬ್ಯಾಂಕಿನ ಚೆಕ್ಕಿನ ತಕರಾರು, ಕೋರ್ಟಿನ ಪ್ರಕರಣ ಏನಾದರೂ ಇದ್ದರೆ, ದಂಡ ಮನ್ನಾದಿಂದ ಅದು ಹೋಗುವುದಿಲ್ಲ. ಅಂಥವರು ಮೊದಲು ವಕೀಲರನ್ನು ಕಾಣಬೇಕು. ಅಲ್ಲಿ ಹಲವು ವರ್ಷಗಳಿಂದ ಇರುವ, ಕಾರ್ಮಿಕರಿಗೆ ನೆರವಾಗುವ ಮಂಗಳೂರು ಕಡೆಯ ಹಿರಿಯರೊಬ್ಬರ ಪರಿಚಯ ನನ್ನ ಸಹೋದ್ಯೋಗಿಯೊಬ್ಬರ ಮೂಲಕ ಆಯಿತು. ಅವರು ತಮ್ಮನ ಹೆಸರಿನಲ್ಲಿ ಯಾವ ದೂರೂ ಇಲ್ಲವೆಂಬುದನ್ನು ವಿಚಾರಿಸಿ ತಿಳಿಸಿದರು. ಅವರು ಒಂದು ಪೈಸೆಯನ್ನೂ ಮುಟ್ಟಲಿಲ್ಲ. ಅವರ ಬಗ್ಗೆ ಹೆಚ್ಚು ಬರೆದರೆ ಅವರಿಗೆ ಇಷ್ಟವಾಗುವುದಿಲ್ಲವೆಂದು ಗೊತ್ತಿರುವುದರಿಂದ ಇಷ್ಟಕ್ಕೇ ನಿಲ್ಲಿಸುತ್ತೇನೆ.

ನೋಟ್‌ಬುಕ್ಕಿನ ಸಾಲುಗಳಿಗೆಲ್ಲ ಉತ್ತರ ಸಿಕ್ಕಿತು. ಆದರೂ ತಮ್ಮ ಹೊರಡಲಿಲ್ಲ. ಅಕ್ಟೋಬರ್ ಅರ್ಧ ಕಳೆಯಿತು. ದಸರೆ ರಜೆಗೆ ನಾನು ಇಳಕಲ್ಲಿಗೆ ಹೋಗಿದ್ದೆ. ಒಂದು ರಾತ್ರಿ ಪಡಸಾಲೆಯಲ್ಲಿ ಕುಳಿತು ತಮ್ಮನೊಂದಿಗೆ ಫೋನಿನಲ್ಲಿ ಮಾತಾಡುವಾಗ, ಇನ್ನೂ ಹೇಳದೆ ಇಟ್ಟುಕೊಂಡದ್ದು ಏನಾದರೂ ಇದೆಯೇ ಎಂದು ಕೇಳಿದೆ.

"ಪೊಲೀಸರದ್ದು ಬಿಡು ಅಕ್ಕಾ. ಅಲ್ಲಿ ಹೋದ್ರ ಊರಿಗೆ ಕಳಸ್ತಾರ. ಬರಿಗೈಲೆ ಊರಿಗೆ ಹ್ಯಾಂಗ ಬರ್ಲಿ? ಅವ್ವನ ಬೋರಮಾಳ ಇನ್ನೂ ಅವರ ಮನ್ಯಾಗ ಐತಿ."

ನಿಜವಾದ ಮಾತು ಅದಾಗಿತ್ತು. ಏಜೆಂಟನಿಗೆ ಕೊಟ್ಟ ಒಂದೂವರೆ ಲಕ್ಷವನ್ನು ಅಪ್ಪ ಊರಿನ ಪರಿಚಯದವರೊಬ್ಬರಿಂದ, ಅವ್ವನ ಬೋರಮಾಳವನ್ನು ಒತ್ತೆ ಇಟ್ಟು, ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ತಂದಿದ್ದರು. ವರ್ಷಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ ಮೂವತ್ತಾರು. ತಮ್ಮ ಕಳಿಸುತ್ತಿದ್ದ ದುಡ್ಡೆಲ್ಲ ಬಡ್ಡಿಗೆ ಹೋಗುತ್ತಿತ್ತು, ಅಸಲು ಹಾಗೆಯೇ ಇತ್ತು. ಕಾಗದವಿಲ್ಲದೆ ಇದ್ದೇನೆಂಬುದನ್ನು ಅವನು ನನಗೆ ಬಿಟ್ಟು ಮನೆಯಲ್ಲಿ ಯಾರಿಗೂ ತಿಳಿಸಿರಲಿಲ್ಲ. ಕಂಪನಿ ಕೋಣೆ ಕೊಟ್ಟಿದೆ, ವೀಸಾ ಆಗಿದೆ, ಎರಡು ವರ್ಷಕ್ಕೊಮ್ಮೆ ರಜೆ ಎಂದೇ ಅಪ್ಪ ಅವ್ವ ನಂಬಿದ್ದರು; ಕಟ್ಟೆಯ ಮೇಲೆ ಕುಳಿತವರು ಕೇಳಿದಾಗ ಅಪ್ಪ ಹಾಗೇ ಹೇಳುತ್ತಿದ್ದರು, ಹೇಳುವಾಗ ಅವರ ಮುಖ ಅರಳುತ್ತಿತ್ತು. ಆ ಮುಖವನ್ನು ಕೆಡಿಸುವುದು ತಮ್ಮನಿಗೆ ಜೈಲಿಗಿಂತ ಕಷ್ಟದ್ದಾಗಿತ್ತು. ಅಲ್ಲಿಯ ಭಯಕ್ಕೆ ಅಲ್ಲಿಯ ಉತ್ತರ ಹುಡುಕುತ್ತ ನಾವು ದುಬೈ ಕಡೆಗೇ ನೋಡುತ್ತಿದ್ದೆವು. ಉಳಿದರ್ಧ ನಮ್ಮ ಪಡಸಾಲೆಯಲ್ಲೇ ಇತ್ತು.

ಅವನ ಒಪ್ಪಿಗೆ ಕೇಳಿ, ಮರುದಿನ ಬೆಳಿಗ್ಗೆ ಅಪ್ಪ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವ್ವ ರಾಟೆ ನಿಲ್ಲಿಸಲಿಲ್ಲ. ಕಂಡಿಕೆ ತುಂಬಿ ದಾರ ಹೊರಗೆ ಚೆಲ್ಲತೊಡಗಿದಾಗ ನಾನೇ ಅವಳ ಕೈ ಹಿಡಿದೆ. ಅಪ್ಪ ಎದ್ದು ಹೊರಗೆ ಹೋದರು. ಮಧ್ಯಾಹ್ನ ಬಂದವರು ಊಟಕ್ಕೂ ಕೂರದೆ, ಅವನಿಗೆ ಫೋನ್ ಹಚ್ಚು ಎಂದರು. ಮಗನೊಂದಿಗೆ ಅವರು ಯಾವಾಗಲೂ ಎರಡು ಮಾತಿಗಿಂತ ಹೆಚ್ಚು ಆಡಿದವರಲ್ಲ. ಅಂದು ಕೂಡ ಹೆಚ್ಚು ಆಡಲಿಲ್ಲ. "ನೀ ಬಂದ್ರೂ ಬಾ, ಅಲ್ಲೇ ಇದ್ರೂ ಇರು. ಕಳ್ಳರಂಗ ಅಡಗಿ ಮಾತ್ರ ಇರಬ್ಯಾಡ. ಸಾಲ ನಂದು, ನಿಂದಲ್ಲ" ಎಂದರು. ಆಚೆ ಕಡೆಯಿಂದ ಉತ್ತರ ಬರಲಿಲ್ಲ. ಅವನು ಅಳುತ್ತಿದ್ದ.

ಮಾತಿನಿಂದ ಮಾತ್ರ ಆ ಭಯ ಹೋಗುವಂಥದ್ದಲ್ಲ, ಸಾಲ ಕಣ್ಣ ಮುಂದೆ ಇತ್ತು. ನನ್ನ ಸಂಬಳದ ಜಾಮೀನಿನ ಮೇಲೆ ಪತ್ತಿನ ಸಹಕಾರಿ ಸಂಘದಿಂದ ಸಾಲ ತೆಗೆದು ಮೂರರ ಬಡ್ಡಿಯದನ್ನು ತೀರಿಸಿದೆವು. ಬಡ್ಡಿ ಅರ್ಧಕ್ಕಿಂತ ಕಡಿಮೆಯಾಯಿತು, ಬೋರಮಾಳ ಮನೆಗೆ ಬಂತು. ಅವ್ವ ಅದನ್ನು ಕೊರಳಿಗೆ ಹಾಕಿಕೊಂಡು ವಿಡಿಯೋ ಕಾಲಿನಲ್ಲಿ ಮಗನಿಗೆ ತೋರಿಸಿದಳು. ಹೀಗೆ ಮಾಡಲು ಎಲ್ಲ ಮನೆಗಳಲ್ಲೂ ಸಂಬಳದವರು ಇರುವುದಿಲ್ಲ ಎಂಬುದು ನನಗೆ ಗೊತ್ತಿದೆ. ಆದರೆ ಸಾಲ ತೀರಿಸಲಾಗದ ಮನೆಯವರೂ, ನೀನು ಬರಿಗೈಯಲ್ಲಿ ಬಂದರೂ ಬಾಗಿಲು ಹಾಕುವುದಿಲ್ಲ ಎಂದು ಬಾಯಿಬಿಟ್ಟು ಹೇಳಬಹುದು. ಅದನ್ನು ಊಹೆಗೆ ಬಿಡಬಾರದು. ಪ್ರೀತಿ ಇದೆ ಎಂದು ಮಕ್ಕಳಿಗೆ ಗೊತ್ತಿರುತ್ತದೆ. ಸೋತು ಬಂದರೂ ಅದು ಇರುತ್ತದೆಂದು ಗೊತ್ತಿರುವುದಿಲ್ಲ.

ಅದಾದ ಮೇಲೆ ಕೆಲಸಗಳು ಬೇಗ ಬೇಗ ನಡೆದವು. ಮೊದಲು ಪಾಸ್‌ಪೋರ್ಟು. ಮಂಗಳೂರಿನ ಹಿರಿಯರು ತಮ್ಮನನ್ನು ಜೊತೆಗೆ ಕೂರಿಸಿಕೊಂಡು ಫೋರ್‌ಮನ್ನನಿಗೆ ಫೋನ್ ಮಾಡಿ, ಪಾಸ್‌ಪೋರ್ಟು ನಿನ್ನದೂ ಅಲ್ಲ, ಈ ಹುಡುಗನದೂ ಅಲ್ಲ, 1967ರ ಕಾಯ್ದೆಯಂತೆ ಅದು ಭಾರತ ಸರ್ಕಾರದ ಸ್ವತ್ತು; ಕೆಲಸಗಾರರ ದಾಖಲೆ ಹಿಡಿದಿಟ್ಟುಕೊಳ್ಳುವುದನ್ನು ಈ ದೇಶದ ಕಾನೂನೂ ಒಪ್ಪುವುದಿಲ್ಲ; ನಾಳೆ ಕಾನ್ಸುಲೇಟಿನಲ್ಲಿ ದೂರು ಕೊಡುತ್ತೇವೆ ಎಂದರು. ಎರಡು ವರ್ಷ ತಮ್ಮನನ್ನು ಹೆದರಿಸಿಟ್ಟಿದ್ದ ಆ ಮನುಷ್ಯ ಸಂಜೆಯೊಳಗೆ ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಳಿಸಿದ.

ಅಲ್ ಅವೀರ್‌ಗೆ ಹೋದ ದಿನ ತಮ್ಮ ಕೇಂದ್ರದ ಎದುರಿನ ರಸ್ತೆಯಲ್ಲಿ ನಿಂತು ವಿಡಿಯೋ ಕಾಲ್ ಮಾಡಿದ. ನಾನು ಶಾಲೆಯ ಸ್ಟಾಫ್ ರೂಮಿನಲ್ಲಿದ್ದೆ. ಅವನ ಹಿಂದೆ ದೊಡ್ಡ ಬಿಳಿ ಟೆಂಟು ಕಾಣುತ್ತಿತ್ತು. ಗೇಟಿನ ಹತ್ತಿರ ಸಮವಸ್ತ್ರದವರು ನಿಂತಿದ್ದರು. ಅವರನ್ನು ಕಂಡು ಅವನ ಕಾಲು ಮುಂದೆ ಹೋಗುತ್ತಿಲ್ಲವೆಂದ. ಭಯ ಕಡಿಮೆಯಾಗಲಿ, ಆಮೇಲೆ ಹೋಗುತ್ತೇನೆ ಎಂದು ಕಾಯಬೇಡ, ಅದು ಇಲ್ಲಿಂದ ಕಡಿಮೆಯಾಗುವುದಿಲ್ಲ. ಫೋನ್ ಹಾಗೇ ಇರಲಿ, ಮಾತಾಡುತ್ತಾ ನಡೆ ಎಂದೆ. ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ನಡೆದ. ನನಗೆ ಕಾಣುತ್ತಿದ್ದದ್ದು ಬಟ್ಟೆಯ ಕತ್ತಲು. ಕೇಳುತ್ತಿದ್ದದ್ದು ಅವನ ಉಸಿರು, ಚಪ್ಪಲಿಯ ಸದ್ದು, ನಂತರ ಯಾರೋ ಹಿಂದಿಯಲ್ಲಿ ಪಾಸ್‌ಪೋರ್ಟ್ ಇದೆಯೇ ಎಂದು ಕೇಳಿದ್ದು. ಒಳಗೆ ಕುರ್ಚಿಗಳಿದ್ದವಂತೆ, ತಣ್ಣಗಿತ್ತಂತೆ, ಕುಡಿಯಲು ನೀರು ಕೊಟ್ಟರಂತೆ. ಟೋಕನ್ ನಂಬರ್ ಬಂದಾಗ ಎದ್ದು ಹೋಗಿ ಬೆರಳಚ್ಚು ಕೊಟ್ಟ. ಯಾರೂ ಬೈಯಲಿಲ್ಲ. ವ್ಯಾನು ಇರಲಿಲ್ಲ. ಅವನ ಹೆಸರಿನ ಮೇಲಿದ್ದ ದಂಡ ಇಪ್ಪತ್ತೈದು ಸಾವಿರ ದಿರ್ಹಮ್ ಮೀರಿತ್ತು, ಅದು ಪೂರ್ತಿ ಮನ್ನಾ ಆಯಿತು.

ಅವನು ಅಲ್ಲೇ ಉಳಿದು ದುಡಿಯುವ ಮನಸ್ಸು ಮಾಡಿದ. ಅಡುಗೆಮನೆಗೆ ಗ್ರಾನೈಟ್ ಕಟ್ಟೆ ಕೂರಿಸುವ ಕಂಪನಿಯೊಂದಕ್ಕೆ ಪಾಲಿಶ್ ಗೊತ್ತಿರುವವರು ಬೇಕಾಗಿದ್ದರು; ಅವನ ಕೈಕೆಲಸ ನೋಡಿ ಒಪ್ಪಿಕೊಂಡರು. ಕೆಲಸದ ಪರವಾನಗಿ, ವೀಸಾ ಬದಲಾವಣೆ ಅಕ್ಟೋಬರ್ 31ರೊಳಗೆ ಮುಗಿಯುವಂತಿರಲಿಲ್ಲ. ಸರ್ಕಾರ ಗಡುವನ್ನು ಡಿಸೆಂಬರ್ 31ರವರೆಗೆ ವಿಸ್ತರಿಸಿದ್ದರಿಂದ ಎಲ್ಲವೂ ಆಯಿತು. ವೀಸಾದ ಖರ್ಚನ್ನು ಕಂಪನಿಯೇ ಕೊಟ್ಟಿತು, ಅಲ್ಲಿನ ಕಾನೂನಿನಂತೆ ಕೊಡಬೇಕಾದವರೂ ಅವರೇ. ಈಗ ಸಂಬಳ ಬ್ಯಾಂಕಿನ ಮೂಲಕ ಬರುತ್ತದೆ. ಅವನ ಕೋಣೆಯಲ್ಲಿದ್ದ ಉಳಿದವರಲ್ಲಿ ಹೆಚ್ಚಿನವರು ಅವನು ಹೋಗಿ ಬಂದದ್ದನ್ನು ನೋಡಿ ತಾವೂ ಹೋದರು. ಇಬ್ಬರು ಊರಿಗೆ ಮರಳಿದರು. ಆ ಆಮ್ನೆಸ್ಟಿಯ ಅವಧಿಯಲ್ಲಿ 15 ಸಾವಿರಕ್ಕೂ ಹೆಚ್ಚು ಭಾರತೀಯರಿಗೆ ನೆರವಾದುದಾಗಿ ದುಬೈ ಕಾನ್ಸುಲೇಟ್ ನಂತರ ತಿಳಿಸಿತು. ಅವರಲ್ಲಿ ಪ್ರತಿಯೊಬ್ಬರೂ ಒಂದು ಗೇಟಿನ ಎದುರು ನಿಂತು ಹಿಂದೆಮುಂದೆ ನೋಡಿರಬೇಕು ಎಂದು ನಾನು ಆಗಾಗ ಯೋಚಿಸುತ್ತೇನೆ.

ಇದನ್ನು ಓದಿದ ಮೇಲೆ, ಈಗ ಆಮ್ನೆಸ್ಟಿ ಇಲ್ಲವಲ್ಲ, ಈಗ ಸಿಕ್ಕಿಕೊಂಡವರು ಏನು ಮಾಡಬೇಕು ಎಂದು ಕೇಳುವವರು ಇರುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದು. ದಿನದ ದಂಡ ಓಡುತ್ತಲೇ ಇರುವುದರಿಂದ ಕಾಯುವುದರಲ್ಲಿ ಲಾಭವಿಲ್ಲ. ಭಾರತದ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದು 2009ರಿಂದ ಇದೆ. ಕೆಲಸಗಾರನ ತಪ್ಪಿಲ್ಲದೆ ಕಾಗದವಿಲ್ಲದಂತಾಗಿದ್ದರೆ, ಅವನು ನಿಜಕ್ಕೂ ಅಸಹಾಯಕನಾಗಿದ್ದರೆ, ಸಣ್ಣ ದಂಡ, ಊರಿಗೆ ಬರುವ ಟಿಕೆಟ್, ಕಾನೂನು ನೆರವು ಇವುಗಳಿಗೆ ಅದರಿಂದ ಹಣ ಕೊಡಲು ಅವಕಾಶವಿದೆ. ದುಬೈನಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವಿದೆ. ಅಲ್ಲಿ ವಿಚಾರಿಸಲು ದುಡ್ಡು ಕೊಡಬೇಕಾಗಿಲ್ಲ. ಅಲ್ಲಿರುವವನಿಗೆ ಹೋಗಲು ಧೈರ್ಯವಿಲ್ಲದಿದ್ದರೆ, ಇಲ್ಲಿರುವ ಮನೆಯವರೇ ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲಿನಲ್ಲಿ ದೂರು ದಾಖಲಿಸಬಹುದು. ಈ ಒಂದು ಸಂಗತಿ ನಮ್ಮ ಊರುಗಳಲ್ಲಿ ಎಷ್ಟು ಕಡಿಮೆ ಜನರಿಗೆ ಗೊತ್ತಿದೆ ಎಂಬುದನ್ನು ಕಂಡು ನನಗೆ ಬಹಳ ಸಂಕಟವಾಗುತ್ತದೆ. ಮೊದಲ ಹೆಜ್ಜೆಯನ್ನು ಭಯದಲ್ಲಿ ಇಲ್ಲದವರು ಇಡಬಹುದಾದ ವ್ಯವಸ್ಥೆ ಅದು.

ಇನ್ನೂ ವಿದೇಶಕ್ಕೆ ಹೋಗದೆ ಇರುವವರಿಗೂ ಒಂದು ಮಾತು. ಈ ವರ್ಷ ನಮ್ಮ ಓಣಿಯ ಹುಡುಗನೊಬ್ಬ ಸೌದಿಗೆ ಹೊರಟು ನಿಂತಿದ್ದ. ಅವನ ಏಜೆಂಟನ ಹೆಸರನ್ನು ಇ-ಮೈಗ್ರೇಟ್ ತಾಣದಲ್ಲಿ ಹುಡುಕಿದೆವು, ನೋಂದಣಿ ಇರಲಿಲ್ಲ. ನೋಂದಾಯಿತ ಏಜೆಂಟರು ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಆ ಏಜೆಂಟ ಇವನಿಗೆ ಅದರ ನಾಲ್ಕು ಪಟ್ಟು ಕೇಳಿದ್ದ. ಅವನ ತಾಯಿ ಕೂಡಲೇ ಮುಂಗಡ ವಾಪಸ್ ಕೇಳಿದಳು, ಗಲಾಟೆ ಮಾಡಿಯೇ ಪಡೆದಳು. ಹುಡುಗ ಈಗ ನೋಂದಾಯಿತ ಏಜೆಂಟರೊಬ್ಬರ ಮೂಲಕ ಕೆಲಸದ ವೀಸಾಕ್ಕೆ ಅರ್ಜಿ ಹಾಕಿ, ಕರಾರು ಬರುವುದನ್ನು ಕಾಯುತ್ತಿದ್ದಾನೆ.

ನಿಮ್ಮ ಮನೆಯವರು ಯಾರಾದರೂ ಈಗಾಗಲೇ ಅಲ್ಲಿದ್ದರೆ, ಅವರ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾದ ಪ್ರತಿ, ಕಂಪನಿಯ ವಿಳಾಸ, ಕೋಣೆಯ ಸಂಗಾತಿಯ ಫೋನ್ ನಂಬರ್ ಇವಿಷ್ಟನ್ನು ಇಂದೇ ತರಿಸಿಕೊಂಡು ಕಾಗದದ ಮೇಲೆ ಪ್ರಿಂಟ್ ತೆಗೆದು ಮನೆಯಲ್ಲಿಡಿ. ಮದದ್‌ನಲ್ಲಿ ದೂರು ಕೊಡಲು ಕುಳಿತಾಗ ಈ ವಿವರಗಳೇ ಬೇಕಾಗುತ್ತವೆ. ಇಳಕಲ್ಲು, ಹುನಗುಂದ, ಬಾಗಲಕೋಟೆ ಕಡೆಯವರಿಗೆ ಆ ಅರ್ಜಿ ತುಂಬಲು ತೊಡಕಾದರೆ, ಶಾಲೆ ಬಿಟ್ಟ ಮೇಲೆ ನಾನು ಕೂತು ತುಂಬಿಕೊಡುತ್ತೇನೆ.